ಟ್ಯಾಂಕ್ ಗುಡ್ಡದ ಹೂ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರನ್ನು ದಫೇದಾರ ಎರಡು ಸಲ ಓದಿದ. ಮೊದಲ ಸಲ ಅರ್ಥವಾಗಲೆಂದು, ಎರಡನೇ ಸಲ ನಗು ತಡೆದುಕೊಳ್ಳಲೆಂದು.

ದೂರು ತಂದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಮೇಡಂ. ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಭೂತಗನ್ನಡಿ ಇನ್ನೂ ನೇತಾಡುತ್ತಿತ್ತು. ಮೊಣಕಾಲಿಗೆಲ್ಲ ಧೂಳು ಮೆತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಏನು ಕಳುವಾಗಿರೋದು ಮೇಡಂ?”

“ಗಿಡ.”

“ಎಷ್ಟು ದೊಡ್ಡದು?”

ಅವರು ಕಿರುಬೆರಳು ಎತ್ತಿ ತೋರಿಸಿದರು. “ಇಷ್ಟು.”

ದಫೇದಾರ ಎದ್ದು ಒಳಗಿನ ಕೋಣೆಯ ಬಾಗಿಲು ತೆರೆದ. ಇಂಥದ್ದನ್ನೆಲ್ಲ ಒಳಗೆ ದಾಟಿಸುವುದು ಅವನ ಹಳೆಯ ಅಭ್ಯಾಸ.

ಇನ್ಸ್‌ಪೆಕ್ಟರ್ ಯಾವುದೋ ಹೊಡೆದಾಟದ ಕಡತಕ್ಕೆ ಸಹಿ ಹಾಕುತ್ತಿದ್ದರು. ಕೆಲವು ತಿಂಗಳ ಹಿಂದೆ ಬಸ್ಸೊಂದು ಕಾಲುವೆಗೆ ಬಿದ್ದಾಗ ಹೆಣಗಳನ್ನು ಸಾಲಾಗಿ ಮಲಗಿಸಿ, ಓಡಿ ಬಂದ ಬಂಧುಗಳಿಗೆ ಒಂದೊಂದೇ ಬಟ್ಟೆ ಸರಿಸಿ ಮುಖ ತೋರಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಸಂಜೆ ಮನೆಗೆ ಹೋಗಿ, ಕೈ ತೊಳೆದು, ಊಟ ಮಾಡಿ ಮಲಗಿದರು. ಅವತ್ತಿನಿಂದ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವಾಗಿದ್ದರೆ ಹೇಳಿಕೊಳ್ಳಬಹುದಿತ್ತು, ದುಃಖವೂ ಇರಲಿಲ್ಲ. ಹೆಂಡತಿ ಮೊದಮೊದಲು ಕೆದಕಿ ಕೇಳಿದಳು, ಆಮೇಲೆ ಬಿಟ್ಟಳು. ಕೊಲೆಯಾದರೂ ಕೋಳಿ ಕಳುವಾದರೂ ಅವರ ಮುಖ ಒಂದೇ ಥರ ಇರುತ್ತಿತ್ತು. ಬೈಗುಳ ತಪ್ಪಿತೆಂದು ಠಾಣೆಯವರು ಒಳಗೊಳಗೇ ಖುಷಿಯಾಗಿದ್ದರು.

“ಹೇಳಿ,” ಎಂದರು.

ಮೇಡಂ ಹೇಳಿದರು. ಊರಿಗೆ ನೀರು ಕೊಡುವ ಹಳೆಯ ಟ್ಯಾಂಕಿನ ಹಿಂದೆ ಒಂದು ಹುಲ್ಲಿನ ಇಳಿಜಾರಿದೆ. ನೀರು ಕಚೇರಿಯ ಜಾಗ, ಸುತ್ತ ತಂತಿಬೇಲಿ, ಹಾಗಾಗಿ ಅಲ್ಲಿ ಯಾರೂ ಯಾವತ್ತೂ ನೇಗಿಲು ಹೂಡಿಲ್ಲ, ಮನೆ ಕಟ್ಟಿಲ್ಲ. ಆ ಹುಲ್ಲಿನ ನಡುವೆ ಒಂದು ಸಣ್ಣ ನೆಲದ ಆರ್ಕಿಡ್ ಬೆಳೆಯುತ್ತದೆ. ಮಳೆ ನಿಂತು ಹುಲ್ಲು ಹಳದಿಯಾಗುವ ಹೊತ್ತಿಗೆ ಹೂ ಬಿಡುತ್ತದೆ. ಹಸಿರು ಬೆರೆತ ಬಿಳಿ, ಅಕ್ಕಿಕಾಳಿಗಿಂತ ಒಂಚೂರು ದೊಡ್ಡದು. ಸುತ್ತಮುತ್ತ ಬೇರೆಲ್ಲೂ ಅದು ಸಿಕ್ಕಿಲ್ಲ. ಸರ್ಕಾರ ಅದನ್ನು ಕೀಳಬಾರದೆಂದು ಬೋರ್ಡು ಹಾಕಿದೆ. ಒಂದೊಂದು ಗಿಡದ ಪಕ್ಕದಲ್ಲೂ ಮೇಡಂ ನಂಬರಿನ ಕೆಂಪು ಬಾವುಟ ನೆಟ್ಟಿದ್ದರು. ಮೂರು ಸಲ ಯಾರೋ ಬಂದು ಅಗೆದುಕೊಂಡು ಹೋಗಿದ್ದಾರೆ, ಮೂರನೆಯದು ನಿನ್ನೆ. ಮೂವತ್ತೆಂಟರಲ್ಲಿ ಹನ್ನೊಂದು ಉಳಿದಿವೆ.

“ಬಾವುಟ?”

“ಬಾವುಟಾನೂ ಒಯ್ದಿದ್ದಾರೆ.”

“ಮೊದಲನೇ ಸಲವೇ ಯಾಕೆ ಬರಲಿಲ್ಲ?”

“ಹಂದಿ ಕೆದಕಿದೆ ಅಂದ್ಕೊಂಡೆ. ಎರಡನೇ ಸಲ ಕಚೇರಿಗೆ ಹೇಳಿದೆ. ನಕ್ಕರು.”

ಇನ್ಸ್‌ಪೆಕ್ಟರ್ ನಗಲಿಲ್ಲ. ಅದು ಗೌರವದಿಂದ ಎಂದು ಮೇಡಂ ತಿಳಿದುಕೊಂಡರು. FIR ಬರೆಯುವಾಗ ದಫೇದಾರ ಕಳುವಾದ ಸ್ವತ್ತಿನ ಬೆಲೆಯ ಕಾಲಂ ಮುಂದೆ ಪೆನ್ನು ಹಿಡಿದು ಕಾದ. ಕೊನೆಗೆ ಅವನು ಅಲ್ಲಿ ಒಂದು ಗೆರೆ ಎಳೆದ.

ಅದೇ ದಿನ ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಗೇಟಿನ ಬೀಗ ಸರಿಯಾಗಿತ್ತು. ತೆಗೆದುಕೊಟ್ಟವನು ನೀರುಗಂಟಿ, ಅಂದರೆ ಬೀದಿಬೀದಿಗೆ ಪಾಳಿ ಪ್ರಕಾರ ವಾಲ್ವ್ ತಿರುಗಿಸಿ ನೀರು ಬಿಡುವವನು. ಉದ್ದನೆಯ ಸಣಕಲು ಆಳು. ವಾಲ್ವ್ ತಿರುಗಿಸುವ ಎದೆಮಟ್ಟದ ಕಬ್ಬಿಣದ ಕೀ ಹೆಗಲ ಮೇಲಿತ್ತು. ಬೀಗ ಗಟ್ಟಿಯಾಗಿದ್ದರೂ ಬೇಲಿಯ ಮೂಲೆಯಲ್ಲಿ ಆಡು ನುಗ್ಗುವಷ್ಟು ಸಂದಿಯಿತ್ತು. ಆಡು ನುಗ್ಗುವಲ್ಲಿ ಕಳ್ಳ ನುಗ್ಗುವುದು ಕಷ್ಟವಲ್ಲ ಎಂದು ದಫೇದಾರ ತೀರ್ಪು ಕೊಟ್ಟ.

ಇಳಿಜಾರಿನ ಹುಲ್ಲು ಪಾದ ಮುಚ್ಚುವಷ್ಟೇ ಎತ್ತರ. ನಡುನಡುವೆ ಬೂದುಬಣ್ಣದ ಹಾವಸೆ ಹತ್ತಿದ ಕಲ್ಲುಗಳು, ಇರುವೆ ಎತ್ತಿದ ಮಣ್ಣಿನ ಗುಪ್ಪೆಗಳು. ಉಳಿದ ಹನ್ನೊಂದು ಗಿಡಗಳನ್ನು ಬಾವುಟ ಇಲ್ಲದಿದ್ದರೆ ಯಾರೂ ಗುರುತಿಸುತ್ತಿರಲಿಲ್ಲ. ಬಡಕಲು ಕಡ್ಡಿಯ ಮೇಲೆ ಏಳೆಂಟು ಹೂ, ಬುಡದಲ್ಲಿ ನೆಲಕ್ಕೆ ಅಂಟಿಕೊಂಡ ಎರಡು ಎಲೆ, ಅದೂ ಒಣಗುತ್ತಿತ್ತು.

“ಇದಾ?” ಎಂದ ದಫೇದಾರ.

“ಇದೇ.”

“ಇದಕ್ಕೆ ಜೀಪ್ ತಗೊಂಡು ಬಂದ್ವಲ್ಲ.”

ಇನ್ಸ್‌ಪೆಕ್ಟರ್ ಗುಂಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮೊದಲ ಸಲ ಅಗೆದ ಗುಂಡಿಗಳು ಮುಷ್ಟಿಯಷ್ಟು. ಎರಡನೇ ಸಲದವು ಬಟ್ಟಲಿನಷ್ಟು. ನಿನ್ನೆಯವು ಪಾತ್ರೆ ತೊಳೆಯುವ ಬೋಗುಣಿಯಷ್ಟು ಅಗಲ. ಒಳಗೋಡೆಗಳು ಸೋಪು ಕತ್ತರಿಸಿದ ಹಾಗೆ ನುಣ್ಣಗಿದ್ದವು. ಅಂಚಿನಲ್ಲಿ ಕೆಸರು ಒಣಗಿ ಬಿರಿದ ತೆಳ್ಳನೆ ಪೊರೆ. ಅವರು ಜೀಪಿನಿಂದ ಕಬ್ಬಿಣದ ಸಲಾಕೆ ತರಿಸಿ ಪಕ್ಕದ ನೆಲಕ್ಕೆ ಕುಟ್ಟಿದರು. ಸಲಾಕೆ ಟಣ್ಣೆಂದು ಎಗರಿತು. ಮಳೆ ನಿಂತು ತಿಂಗಳ ಮೇಲಾಗಿತ್ತು.

ಪಂಚರಾಗಿ ಇಬ್ಬರು ಬೇಕಿತ್ತು. ಕೆಳಗಿನ ಬೀದಿಯ ಚಪ್ಪಲಿ ಹೊಲಿಯುವವನನ್ನು ಕರೆತಂದರು. ಇನ್ನೊಬ್ಬನಾಗಿ ಕೈಗೆ ಸಿಕ್ಕ ನೀರುಗಂಟಿಯನ್ನೇ ನಿಲ್ಲಿಸಿಕೊಂಡರು.

“ನಿನ್ನೆ ಇಲ್ಲಿ ಯಾರನ್ನಾದ್ರೂ ಕಂಡ್ಯಾ?” ಇನ್ಸ್‌ಪೆಕ್ಟರ್ ಕೇಳಿದರು.

“ಬೇರೆ ಯಾರನ್ನೂ ಕಂಡಿಲ್ಲ ಸಾರ್.”

“ನೀನು ಯಾವಾಗ ಬರ್ತೀಯ?”

“ಬೆಳಗಿನ ಜಾವ. ಎಂಟರ ಹೊತ್ತಿಗೆ ಪಾಳಿ ಮುಗಿಯುತ್ತೆ.”

“ಈ ಹೂವು ನಿಂಗೆ ಗೊತ್ತಾ?”

“ಎಲ್ರಿಗೂ ಗೊತ್ತು ಸಾರ್.”

ಬೆರಳಿನಷ್ಟು ಎತ್ತರದ ಹೂ ಎಲ್ಲರಿಗೂ ಯಾಕೆ ಗೊತ್ತು ಎಂದು ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ನೀರುಗಂಟಿ ಪಂಚನಾಮೆಯ ಕೆಳಗೆ ನಿಧಾನವಾಗಿ ಸಹಿ ಹಾಕಿ ಪೆನ್ನನ್ನು ಅಂಗಿಗೆ ಒರೆಸಿ ಹಿಂದಿರುಗಿಸಿದ. ತನ್ನ ಪಾಡಿಗೆ ಕೀ ಹೊತ್ತುಕೊಂಡು ಹೊರಟ.

ಮಂಗಳವಾರ ಅವರು ನರ್ಸರಿಯವನ ಹತ್ತಿರ ಹೋದರು. ಅಪರೂಪದ ಗಿಡಗಳನ್ನು ಕದ್ದ ಮಾಲೆಂದು ಗೊತ್ತಿದ್ದೂ ಕೊಂಡದ್ದಕ್ಕೆ ಅವನ ಮೇಲೆ ಹಿಂದೊಂದು ಕೇಸಿತ್ತು. ಜೀಪ್ ಕಂಡದ್ದೇ ಅವನು ಕೈಯಲ್ಲಿದ್ದ ಕುಂಡ ಕೆಳಗಿಟ್ಟ.

“ಟ್ಯಾಂಕ್ ಗುಡ್ಡದ ಹೂವು ನಿನ್ನ ಹತ್ರ ಬಂತಾ?”

“ಅದನ್ನ ಯಾರು ಕೊಳ್ತಾರೆ ಸಾರ್? ಮನೆಗೆ ಒಯ್ದ ಮೇಲೆ ಎಲ್ಲಿಟ್ಟೆ ಅಂತ ಹುಡುಕ್ಬೇಕು.”

“ಹೊರದೇಶಕ್ಕೆ ಕಳಿಸ್ತಾರಂತೆ. ಬೋಗುಣಿಯಷ್ಟು ಮಣ್ಣು ಸಮೇತ ಅಗೆದಿದ್ದಾರೆ.”

“ಕಳಿಸೋನು ಗೆಡ್ಡೆ ಒಂದೇ ಕೀಳ್ತಾನೆ. ಬೋಗುಣಿ ಬೋಗುಣಿ ಮಣ್ಣು ಹೊತ್ಕೊಂಡು ಯಾಕೆ ಸಾಯ್ತಾನೆ?”

ದಫೇದಾರ ಒಂದು ಗಂಟೆ ಹುಡುಕಿದ. ಅಲ್ಲಿ ಅರ್ಧಕ್ಕರ್ಧ ಗಿಡ ನೀರಿಲ್ಲದೆ ಬಾಡಿ ನಿಂತಿದ್ದವು. ಆರ್ಕಿಡ್ ಇರಲಿಲ್ಲ. ಹೊರಡುವಾಗ ನರ್ಸರಿಯವನು, ಠಾಣೆಗೆ ನೀರು ಬರುವ ದಿನ ಎರಡು ಕ್ಯಾನು ಹಿಡಿದುಕೊಳ್ಳಬಹುದೇ ಎಂದು ಹಲ್ಲುಗಿಂಜಿ ಕೇಳಿದ. ದಫೇದಾರ ಅವನನ್ನು ಕೆಕ್ಕರಿಸಿ ನೋಡಿದ.

ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಸ್ನಾನಕ್ಕೆ ನಿಂತಾಗ ಬಕೆಟ್ಟಿನಲ್ಲಿ ಅರ್ಧ ನೀರಿತ್ತು. ಅವರ ಬೀದಿಗೂ ಮೂರು ದಿನಕ್ಕೊಮ್ಮೆಯೇ ಪಾಳಿ. ಹೆಂಡತಿ ಬಾಗಿಲ ಹೊರಗಿನಿಂದ, “ಅಷ್ಟರಲ್ಲೇ ಮುಗಿಸಿ, ಪಾತ್ರೆಗೆ ಬೇಕು,” ಎಂದಳು. ಅವರು ತಂಬಿಗೆ ಎತ್ತಿದವರು ಹಾಗೇ ನಿಂತರು. ನೆಲ ಕಲ್ಲಾಗಿದೆ. ಗುಂಡಿಯ ಗೋಡೆ ನುಣ್ಣಗಿದೆ. ಅಗೆಯುವ ಮೊದಲು ಯಾರೋ ಆ ನೆಲವನ್ನು ನೆನೆಸಿದ್ದಾರೆ. ಒಂದೊಂದು ಬೋಗುಣಿಯಷ್ಟು ಮಣ್ಣು ಮೆತ್ತಗಾಗಬೇಕಾದರೆ ಮೂರು ನಾಲ್ಕು ಬಕೆಟ್ ನೀರು ಹಿಡಿಯುತ್ತದೆ. ಈ ಊರಲ್ಲಿ ಕೈ ತೊಳೆದ ನೀರನ್ನೂ ಜನ ಚೆಲ್ಲುವುದಿಲ್ಲ. ನೆಲಕ್ಕೆ ಸುರಿಯುವಷ್ಟು ನೀರು ಯಾರ ಹತ್ತಿರ ಇದೆ?

ಅವರು ಮೈ ಒರೆಸಿಕೊಂಡು ಹೊರಬಂದರು. ಬಕೆಟ್ಟಿನಲ್ಲಿ ಕಾಲುಭಾಗ ನೀರು ಮಿಕ್ಕಿತ್ತು. ಹೆಂಡತಿ ಅದನ್ನು ನೋಡಿ ಅವರ ಮುಖ ನೋಡಿದಳು.

ಗುಡ್ಡಕ್ಕೆ ಹತ್ತಿರದ ಮನೆಗಳೆಂದರೆ ಮೇಲಿನ ಬೀದಿಯವು. ಟ್ಯಾಂಕಿನ ಎದುರು ದಿಬ್ಬದ ಮೇಲೆ, ಟ್ಯಾಂಕಿನ ಸಮಕ್ಕೆ ಇದ್ದ ಬೀದಿ. ಅಲ್ಲಿಗೆ ರಸ್ತೆಯಿಲ್ಲ, ಕಡಿದಾದ ಕಲ್ಲುಮೆಟ್ಟಿಲು. ಪ್ರತಿ ಮನೆಯ ಮುಂದೆ ಕ್ಯಾನು, ಬಕೆಟ್, ಬಣ್ಣದ ಡಬ್ಬಿ, ಕೊನೆಗೆ ಹೆಲ್ಮೆಟ್ಟನ್ನೂ ಬೋರಲು ಹಾಕಿದ್ದರು. ಗುಡ್ಡಕ್ಕೆ ಯಾರಾದರೂ ನೀರು ಹೊತ್ತು ಹೋದದ್ದನ್ನು ಕಂಡಿರಾ ಎಂದು ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ನಕ್ಕೇಬಿಟ್ಟಳು.

“ಇಲ್ಲಿಂದ ನೀರು ಹೊತ್ಕೊಂಡು ಹೋಗೋದಾ? ನಮ್ಗೇನು ತಲೆ ಕೆಟ್ಟಿದ್ಯಾ ಸಾರ್? ನೀರು ಬಿಡೋ ಹೊತ್ತು ಅರ್ಧ ಗಂಟೆ. ಪೈಪಲ್ಲಿ ಗಾಳಿ ಹೋಗಿ ನೀರು ಮೇಲಕ್ಕೆ ಏರೋದ್ರಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತೆ. ಕೊನೇ ಮನೆಗೆ ಬರೋ ಹೊತ್ತಿಗೆ ಮುಚ್ತಾರೆ.”

“ಹೂವು ಕದ್ದಿದ್ದಾರಲ್ಲ, ಯಾರ ಮೇಲಾದ್ರೂ ಅನುಮಾನ?”

“ಕದ್ದೋನ ಕೈ ತಂಪಾಗಿರಲಿ. ಗುಡ್ಡದ ತುದೀಲಿ ಹೊಸ ಟ್ಯಾಂಕ್ ಕಟ್ತೀವಿ ಅಂದ್ರು. ಹೂವಿದೆ, ಕಟ್ಟಂಗಿಲ್ಲ ಅಂದ್ರು. ಹೂವಿಗೆ ಬೇಲಿ ಇದೆ, ನಮ್ಗೆ ನೀರಿಲ್ಲ.”

ಬೀದಿಯಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಎಲ್ಲರಿಗೂ ಕದಿಯುವ ಕಾರಣವಿತ್ತು, ಯಾರಿಗೂ ಕದಿಯುವಷ್ಟು ನೀರಿರಲಿಲ್ಲ. ದಫೇದಾರ ಬೆವರು ಒರೆಸಿಕೊಂಡು, “ಇಡೀ ಬೀದೀನೇ ಒಳಗೆ ಹಾಕ್ಬೇಕು ಸಾರ್,” ಎಂದ.

ಕೊನೆಯ ಮನೆಯಲ್ಲಿ ಒಬ್ಬ ದರ್ಜಿಯಿದ್ದ. ಹೊಲಿಗೆಯಂತ್ರದ ಮುಂದೆ ಕೂತಿದ್ದ, ಹೊಲಿಯುತ್ತಿರಲಿಲ್ಲ. ಗೋಡೆಯಲ್ಲಿ ಹಾರ ಹಾಕಿದ ಹೆಂಡತಿಯ ಫೋಟೊ, ಹೊಸದು.

“ಏನಾಗಿತ್ತು?” ಇನ್ಸ್‌ಪೆಕ್ಟರ್ ಕೇಳಿದರು.

“ಮೆಟ್ಟಿಲಲ್ಲಿ ಜಾರಿದಳು. ಎರಡೂ ಕೈಲಿ ಕ್ಯಾನ್ ಇತ್ತು.”

“ಯಾವಾಗ?”

“ಮಳೆ ಶುರುವಾಗೋ ಮುಂಚೆ. ಇಲ್ಲಿ ನೀರು ಬರಲಿಲ್ಲ ಅಂತ ಕೆಳಗಿನ ಬೀದಿ ನಲ್ಲಿಗೆ ಹೋಗಿದ್ದಳು. ಕ್ಯಾನ್ ಬಿಟ್ಟಿದ್ರೆ ಕಂಬಿ ಹಿಡ್ಕೋಬಹುದಿತ್ತು. ಬಿಡಲಿಲ್ಲ.”

“ಮನೇಲಿ ಬೇರೆ ಯಾರಿದಾರೆ?”

“ಯಾರೂ ಇಲ್ಲ. ಅವಳ ತಮ್ಮ ಒಬ್ಬ ಇದಾನೆ, ನಮ್ಮ ನೀರುಗಂಟಿ. ದಿನಾ ಬಂದು ಊಟ ಮಾಡ್ಕೊಂಡು ಹೋಗ್ತಿದ್ದ. ಅವಳು ಹೋದ ಮೇಲೆ ಈ ಹೊಸಿಲು ತುಳಿದಿಲ್ಲ. ನಾನೇನೂ ಅಂದಿಲ್ಲ ಸಾರ್. ಒಂದು ಮಾತೂ ಅಂದಿಲ್ಲ.”

ಇನ್ಸ್‌ಪೆಕ್ಟರ್ ಫೋಟೊ ನೋಡಿದರು. ಏನಾದರೂ ಅನ್ನಿಸಬೇಕಿತ್ತು ಎಂದು ಮಾತ್ರ ಅವರಿಗೆ ಅನ್ನಿಸಿತು.

ಮೆಟ್ಟಿಲಿಳಿಯುವಾಗ ದಫೇದಾರ ಕಂಬಿ ಹಿಡಿದುಕೊಂಡೇ ಇಳಿದ. ಕೆಳಗೆ ಬಂದಮೇಲೆ, “ಟ್ಯಾಂಕಿನ ಪಕ್ಕದಲ್ಲೇ ಇರೋನಿಗೆ ನೀರಿಗೇನು ಬರ ಸಾರ್,” ಎಂದ. ಇನ್ಸ್‌ಪೆಕ್ಟರ್ ಹೂಂ ಎಂದರು. ಇಬ್ಬರಿಗೂ ಆ ಹೊತ್ತಿಗೆ ವಿಷಯ ಗೊತ್ತಾಗಿತ್ತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ನೀರು ಕಚೇರಿಯ ಎಂಜಿನಿಯರನ್ನು ನೋಡಿದರು. ಮೇಜಿನ ಮೇಲೆ ಮುಚ್ಚಳ ಬಿಗಿದ ನೀರಿನ ಬಾಟಲಿಗಳು ಸಾಲಾಗಿದ್ದವು.

“ಹೂವು ಪೂರ್ತಿ ಹೋದ್ರೆ ಹೊಸ ಟ್ಯಾಂಕ್ ಕಟ್ತೀರಾ?”

“ಯಾವ ಟ್ಯಾಂಕು?”

“ಗುಡ್ಡದ ತುದಿದು.”

ಎಂಜಿನಿಯರ್ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಸರಿದರು. “ಆ ಪ್ಲಾನ್ ಯಾವಾಗಲೋ ಬಿದ್ದುಹೋಗಿದೆ ಸಾರ್. ತುದೀಲಿ ಬಂಡೆ ಬಿರುಕು ಬಿಟ್ಟಿದೆ, ಭಾರ ತಡೆಯಲ್ಲ ಅಂತ ಆಗಲೇ ಬೇಡ ಅಂದ್ರು. ಮೇಡಂ ಆ ಹೂ ಕಂಡುಹಿಡಿಯೋಕೆ ಮುಂಚೆನೇ.”

“ಜನರಿಗೆ ಹೂವಿಂದ ನಿಂತಿದೆ ಅಂತ ಹೇಳಿದೀರಿ.”

“ದಿನಾ ಬಂದು ಎದೆ ಮೇಲೆ ಕೂರ್ತಿದ್ರು. ಬಂಡೆ ಅಂದ್ರೆ ಒಡೆಸಿ ಅಂತಾರೆ. ಬೇರೆ ಜಾಗ ಅಂದ್ರೆ ಎಲ್ಲಿ ಅಂತಾರೆ. ಹೂವು ಅಂದೆ, ಸುಮ್ನಾದ್ರು. ಹೂವೇನು ಬಂದು ನನ್ನ ಜೊತೆ ಜಗಳ ಆಡುತ್ತಾ?”

“ನೀರುಗಂಟಿಗೆ ನಿಜ ಗೊತ್ತಾ?”

“ಅವನಿಗ್ಯಾಕೆ?”

ಇನ್ಸ್‌ಪೆಕ್ಟರ್ ಎದ್ದರು. ಸಾಮಾನ್ಯವಾಗಿ ಹೊರಡುವಾಗ ಕುರ್ಚಿಯನ್ನು ಮೇಜಿನೊಳಗೆ ಸರಿಸಿಡುವವರು, ಅವತ್ತು ಅದನ್ನು ಬಾಗಿಲಿಗೆ ಅಡ್ಡವಾಗಿಯೇ ಬಿಟ್ಟು ಬಂದರು.

ಮಧ್ಯಾಹ್ನ ಮೇಡಂ ಜೊತೆ ಮತ್ತೆ ಗುಡ್ಡ ಹತ್ತಿದರು. ನೀರುಗಂಟಿ ಆ ಹೊತ್ತಿಗೆ ತನ್ನ ಕೋಣೆಯಲ್ಲಿ ಮಲಗಿರುತ್ತಾನೆಂದು ಗೊತ್ತಿತ್ತು. ಟ್ಯಾಂಕಿನ ಹಿಂದೆ, ತುಂಬಿ ಮಿಕ್ಕ ನೀರು ಹೊರಬೀಳುವ ಪೈಪಿನ ಕೆಳಗೆ, ಹಳೆಯ ತಗಡಿನ ಮರೆಯಿತ್ತು. ದಫೇದಾರ ತಗಡು ಸರಿಸಿದ. ಅರ್ಧಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನುಗಳು ಮೂರು ಸಾಲಾಗಿ ನಿಂತಿದ್ದವು. ಮೊದಲ ಸಾಲಿನವು ಚಿಕ್ಕವು, ಕೊನೆಯವು ದೊಡ್ಡವು. ಒಂದೊಂದರಲ್ಲೂ ಒಂದು ಗಿಡ, ಪಕ್ಕದಲ್ಲಿ ಅದೇ ನಂಬರಿನ ಕೆಂಪು ಬಾವುಟ. ಒಂದೂ ಅದಲುಬದಲಾಗಿರಲಿಲ್ಲ. ಬಿಸಿಲು ಬೀಳದಿರಲೆಂದು ಮೇಲೆ ಹಳೆಯ ಸೀರೆಯೊಂದನ್ನು ನೀರುಗಂಟಿ ಚಪ್ಪರದ ಹಾಗೆ ಕಟ್ಟಿದ್ದ. ಮಣ್ಣು ಒದ್ದೆಯಾಗಿ ಹೊಳೆಯುತ್ತಿತ್ತು. ಪೈಪಿನ ಬಾಯಿಂದ ಒಂದು ತೆಳ್ಳನೆ ಕೊಳವೆ ಎಳೆದು ಎಲ್ಲ ಕ್ಯಾನಿಗೂ ಹನಿಹನಿಯಾಗಿ ನೀರು ಬೀಳುವ ಏರ್ಪಾಡು ಮಾಡಿದ್ದ. ಕೆಲಸ ಅಚ್ಚುಕಟ್ಟಾಗಿತ್ತು.

ಗಿಡಗಳೆಲ್ಲ ಕಂದಾಗಿ ಒರಗಿದ್ದವು. ಮೇಡಂ ಒಂದನ್ನು ಬೆರಳಿಂದ ಮುಟ್ಟಿದರು. ಅದು ಬುಡದಲ್ಲಿ ಕಳಚಿ ಕೈಗೆ ಬಂತು. ಗೆಡ್ಡೆ ಮೆತ್ತಗಾಗಿ ನಾರುತ್ತಿತ್ತು.

“ನೀರು ಹಾಕಿ ಕೊಂದಿದ್ದಾನೆ,” ಎಂದರು ಮೇಡಂ. “ಹೂ ಬಿಟ್ಟಮೇಲೆ ಇದಕ್ಕೆ ಒಣ ನೆಲ ಬೇಕು. ಮಳೆ ಬರೋ ತನಕ ಗೆಡ್ಡೆ ಒಳಗೇ ಮಲಗುತ್ತೆ. ಒಂದು ಹನಿ ನೀರೂ ಬೇಡ.”

“ಅವನಿಗೆ ಗೊತ್ತಿರಲಿಲ್ಲ,” ಎಂದರು ಇನ್ಸ್‌ಪೆಕ್ಟರ್. “ಮೊದಲನೇ ಸಾಲು ಸತ್ತಾಗ ಮಣ್ಣು ಸಾಲದು ಅಂದ್ಕೊಂಡಿದ್ದಾನೆ. ಅದಕ್ಕೇ ಗುಂಡಿ ದೊಡ್ಡದಾಗ್ತಾ ಹೋಗಿದೆ. ನೀರು ಹೆಚ್ಚಾಗುತ್ತೆ ಅಂತ ಅವನಿಗೆ ಹೇಗೆ ಹೊಳೀಬೇಕು?”

ಆ ವಾರ ಅವರು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ದಫೇದಾರ ಅವರ ಕಡೆ ತಿರುಗಿ ನೋಡಿದ.

“ಗುಡ್ಡದಲ್ಲಿ ಉಳಿದಿರೋದು ಹನ್ನೊಂದೇನಾ?” ಇನ್ಸ್‌ಪೆಕ್ಟರ್ ಕೇಳಿದರು.

“ಕಾಣೋದು ಹನ್ನೊಂದು. ಕೆಲವು ಗೆಡ್ಡೆ ಒಂದು ವರ್ಷ, ಎರಡು ವರ್ಷ ಮೇಲೇ ಬರಲ್ಲ. ಎಲೆ ಇಲ್ಲ, ಹೂ ಇಲ್ಲ, ಮಣ್ಣೊಳಗೆ ಸುಮ್ನೆ ಇರ್ತವೆ. ಸತ್ತಿವೆ ಅಂತ ಬರೆಯೋ ಹಾಗಿಲ್ಲ, ಬದುಕಿವೆ ಅಂತಾನೂ ಬರೆಯೋ ಹಾಗಿಲ್ಲ.”

“ಆಮೇಲೆ ಬರ್ತಾವಾ?”

“ಕೆಲವು ಬರ್ತಾವೆ.”

ಇನ್ಸ್‌ಪೆಕ್ಟರ್ ಇಳಿಜಾರಿನ ಖಾಲಿ ಹುಲ್ಲನ್ನು ಬಹಳ ಹೊತ್ತು ನೋಡುತ್ತ ನಿಂತರು. ಜಪ್ತಿ ಮಾಡಿದ ಮಾಲಿಗೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿ ಠಾಣೆಯ ಕತ್ತಲೆ ಕೋಣೆಯಲ್ಲಿಡುವುದು ಕ್ರಮ. ದಫೇದಾರ ಬಟ್ಟೆ ತಂದಿದ್ದ. ಇನ್ಸ್‌ಪೆಕ್ಟರ್ ಬೇಡವೆಂದು, ಕ್ಯಾನುಗಳನ್ನೆಲ್ಲ ಮೇಡಂ ವಶಕ್ಕೆ ಕೊಟ್ಟು ರಸೀದಿ ಬರೆಸಿಕೊಂಡರು. ಎರಡು ಗೆಡ್ಡೆ ಇನ್ನೂ ಗಟ್ಟಿಯಾಗಿದ್ದವು.

“ಈಗ್ಲೇ ಅವನನ್ನ ಎತ್ತಾಕ್ಕೊಂಡು ಬರೋಣ್ವಾ ಸಾರ್?” ದಫೇದಾರ ಕೇಳಿದ.

“ನಾಳೆ ಮೇಲಿನ ಬೀದಿ ಪಾಳಿ. ಆ ಕೀ ತಿರುಗಿಸೋಕೆ ನಿಮ್ಗೆ ಬರುತ್ತಾ?”

ದಫೇದಾರ ಇಲ್ಲವೆಂದು ತಲೆಯಾಡಿಸಿದ.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಅವರು ವಾಲ್ವ್ ಗುಂಡಿಯ ಹತ್ತಿರ ಹೋದಾಗ ನೀರುಗಂಟಿ ಅಂಚಿನಲ್ಲಿ ಕೂತಿದ್ದ. ಕ್ಯಾನುಗಳು ಜಾಗದಲ್ಲಿಲ್ಲದ್ದನ್ನು ನೋಡಿ ಬಂದಿದ್ದನೆಂದು ಮುಖದಲ್ಲೇ ತಿಳಿಯುತ್ತಿತ್ತು. ಓಡುವ ಯೋಚನೆಯೂ ಅವನಿಗೆ ಬಂದಂತಿರಲಿಲ್ಲ.

“ಈಗತಾನೆ ಮೇಲಿನ ಬೀದಿಗೆ ತಿರುಗಿಸಿದೀನಿ ಸಾರ್. ಏಳೂವರೆಗೆ ಮುಚ್ಬೇಕು. ಮುಚ್ಚಿ ಬರ್ತೀನಿ.”

“ಮುಚ್ಚು.” ಇನ್ಸ್‌ಪೆಕ್ಟರ್ ಪಕ್ಕದ ಕಲ್ಲಿನ ಮೇಲೆ ಕೂತರು. ಪೈಪಿನೊಳಗೆ ಗಾಳಿ ಗೊರಗೊರ ಎನ್ನುತ್ತಿತ್ತು.

“ಯಾಕೆ ಕಿತ್ತೆ?”

“ಅದಿಲ್ಲದಿದ್ರೆ ಟ್ಯಾಂಕ್ ಕಟ್ತಾರೆ ಅಂತ.”

“ಎಸೆದುಬಿಡಬಹುದಿತ್ತಲ್ಲ?”

“ಯಾಕೆ ಎಸೀಲಿ ಸಾರ್? ಅದೇನು ಮಾಡಿತ್ತು? ಟ್ಯಾಂಕ್ ಆದ್ಮೇಲೆ ಸುತ್ತ ನೆಟ್ಟುಬಿಡೋಣ ಅಂತಿದ್ದೆ. ದಿನಾ ನೀರು ಹಾಕಿದೆ. ಒಂದು ದಿನಾನೂ ತಪ್ಪಿಸಿಲ್ಲ. ಆದ್ರೂ ನಿಲ್ಲಲಿಲ್ಲ.”

“ಪಂಚನಾಮೆಗೆ ಸಹಿ ಹಾಕಿದೆಯಲ್ಲ?”

“ನೀವು ಹಾಕು ಅಂದ್ರಿ.”

ದಫೇದಾರ ಕೆಮ್ಮಿದ. ನೀರುಗಂಟಿ ಕೀಯ ಹಿಡಿಯನ್ನು ಸವರುತ್ತ, ಯಾರೂ ಕೇಳದೆಯೇ ಮುಂದಿನದನ್ನು ಹೇಳಿದ. ದನಿಯಲ್ಲಿ ಏರಿಳಿತವಿರಲಿಲ್ಲ, ಬೇರೆ ಯಾರದೋ ವಿಷಯ ಹೇಳುವ ಹಾಗೆ.

“ಅಕ್ಕ ಬಿದ್ದ ದಿನ ಇಲ್ಲೀ ತನಕ ಇಳಿದು ಬಂದಿದ್ದಳು. ಈಗಷ್ಟೇ ನಲ್ಲೀಲಿ ಹನಿ ಬರ್ತಾ ಇದೆ, ಇನ್ನೊಂದು ಸ್ವಲ್ಪ ಹೊತ್ತು ಬಿಡೋ ಅಂದಳು. ಹಿಂದಿನ ವಾರಾನೇ ಜನ ಕಚೇರಿಗೆ ಹೇಳಿದ್ರು, ಅಕ್ಕನ ಬೀದಿಗೆ ಜಾಸ್ತಿ ಬಿಡ್ತಾನೆ ಅಂತ. ಬಿಟ್ಟಿರಲಿಲ್ಲ ಸಾರ್. ಟೈಮ್ ಅಂದ್ರೆ ಟೈಮು ಅಕ್ಕ, ನಿಂಗೆ ಬಿಟ್ರೆ ನಾಳೆ ಊರೆಲ್ಲ ಕೇಳುತ್ತೆ ಅಂದೆ. ಅವಳ ಕಣ್ಣೆದುರಿಗೇ ಮುಚ್ಚಿದೆ. ಆಯ್ತು ಬಿಡು ಅಂತ ಹೋದಳು. ಸಿಟ್ಟೂ ಮಾಡ್ಕೊಳ್ಳಲಿಲ್ಲ.”

ಮೇಲಿನಿಂದ ಬಕೆಟ್ಟು ಎಳೆಯುವ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು ಕೇಳಿಸಿತು. ನೀರು ಏರತೊಡಗಿತ್ತು.

“ಈಗ ಟ್ಯಾಂಕ್ ಬರುತ್ತಲ್ವಾ ಸಾರ್?”

ದಫೇದಾರ ಬೇಡವೆಂಬಂತೆ ಕಣ್ಣು ಮಾಡಿದ. ಇನ್ಸ್‌ಪೆಕ್ಟರ್ ನೋಡಿದರು, ಆದರೆ ಸುಳ್ಳು ಹೇಳುವ ಶಕ್ತಿಯೂ ಅವರಲ್ಲಿರಲಿಲ್ಲ.

“ಬರಲ್ಲ. ಅಲ್ಲಿ ಬಂಡೆ ಬಿರುಕು ಬಿಟ್ಟಿದೆಯಂತೆ. ಹೂವಿಗೆ ಮುಂಚೆನೇ ಬೇಡ ಅಂದುಬಿಟ್ಟಿದ್ರು. ಹೂವು ಅಂದಿದ್ದು ನಿಮ್ಮನ್ನೆಲ್ಲ ಸುಮ್ನಿರಿಸೋಕೆ.”

ನೀರುಗಂಟಿ ಕೀಯ ಹಿಡಿಯಿಂದ ಕೈ ತೆಗೆದ.

“ಹಾಗಾದ್ರೆ ಆ ಗಿಡಗಳನ್ನ ಸುಮ್ ಸುಮ್ನೆ ಕೊಂದೆ,” ಎಂದ. ಅಕ್ಕನ ಸಾವನ್ನು ಹೇಳುವಾಗ ಅಳದವನು ಈಗ ಮೊಣಕಾಲಲ್ಲಿ ಮುಖವಿಟ್ಟು ಅತ್ತ. ಇಪ್ಪತ್ತೇಳು ಗಿಡಗಳಿಗಾಗಿ ಒಬ್ಬ ಗಂಡಸು ಹಾಗೆ ಅಳುವುದನ್ನು ದಫೇದಾರ ಕಂಡಿರಲಿಲ್ಲ. ಅವನು ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದ.

ಏಳೂವರೆಯಾಯಿತು. ನೀರುಗಂಟಿ ಮುಖ ಒರೆಸಿಕೊಂಡು ಎದ್ದು ಕೀಯನ್ನು ವಾಲ್ವಿನ ತಲೆಗೆ ಕೂರಿಸಿದ. ಎರಡೂ ಕೈಯಲ್ಲಿ ಹಿಡಿ ಹಿಡಿದ. 

ಇನ್ಸ್‌ಪೆಕ್ಟರ್ ಮೇಲಿನ ಬೀದಿಯತ್ತ ನೋಡುತ್ತಿದ್ದರು. ಕೊನೆಯ ಮನೆಯ ಮುಂದೆ ದರ್ಜಿ ಒಂದು ಬಕೆಟ್ ಹಿಡಿದು ನಿಂತಿದ್ದು ಇಲ್ಲಿಂದಲೂ ಕಾಣುತ್ತಿತ್ತು.

“ಇರಲಿ,” ಎಂದರು. “ಇನ್ನೊಂದು ಸ್ವಲ್ಪ ಹೊತ್ತು ಬಿಡು.”

ನೀರುಗಂಟಿ ಕೀ ಬಿಟ್ಟು ಕೂತ. ಮೂವರೂ ಅಲ್ಲೇ ಕೂತರು. ದರ್ಜಿಯ ಬಕೆಟ್ ತುಂಬಿತು. ಅವನು ಒಳಗೆ ಹೋಗಿ ಇನ್ನೊಂದು ತಂದ, ಮತ್ತೊಂದು ತಂದ. ದಸ್ತಗಿರಿಯ ವೇಳೆಯನ್ನು ದಫೇದಾರ ಒಂಬತ್ತು ಗಂಟೆ ಎಂದು ದಾಖಲಿಸಿದ.

ಹನ್ನೊಂದಕ್ಕೆ ಕೆಳಗಿನ ಎರಡು ಬೀದಿಯವರು ಖಾಲಿ ಬಕೆಟ್‌ಗಳ ಸಮೇತ ಠಾಣೆಗೆ ಬಂದರು. ಟ್ಯಾಂಕ್ ಬರಿದಾಗಿತ್ತು, ತಮ್ಮ ಪಾಳಿ ತಪ್ಪಿತ್ತು, ಯಾರ ಮೇಲಾದರೂ ಕೇಸು ಹಾಕಲೇಬೇಕೆಂದು ಪಟ್ಟು ಹಿಡಿದರು. ದಫೇದಾರ ಒಳಗೆ ಬಂದು ದನಿ ತಗ್ಗಿಸಿದ.

“ಏನ್ ಮಾಡ್ಲಿ ಸಾರ್?”

“ದೂರು ತಗೊಳ್ಳಿ. ಮುಚ್ಚಬೇಡ ಅಂದಿದ್ದು ಇನ್ಸ್‌ಪೆಕ್ಟರ್ ಅಂತ ಬರ್ಕೊಳ್ಳಿ.”

“ಸಾರ್...”

“ಬರ್ಕೊಳ್ಳಿ ದಫೇದಾರ್ರೇ. ನಿಜ ತಾನೇ.”

ದಫೇದಾರ ಹೊರಗೆ ಹೋದ. ಇನ್ಸ್‌ಪೆಕ್ಟರ್ ಆರ್ಕಿಡ್ ಪ್ರಕರಣದ ಡೈರಿಯನ್ನು ಹತ್ತಿರ ಎಳೆದುಕೊಂಡರು. ಕೃತ್ಯಕ್ಕೆ ಕಾರಣ ಎಂಬಲ್ಲಿ ದಫೇದಾರ ತನ್ನ ದುಂಡು ಅಕ್ಷರದಲ್ಲಿ ‘ಸರ್ಕಾರಿ ಆದೇಶವನ್ನು ವಿಫಲಗೊಳಿಸುವ ದುರುದ್ದೇಶ’ ಎಂದು ಬರೆದಿದ್ದ. ಅವರು ಅದನ್ನು ಹೊಡೆದುಹಾಕಿದರು. ಪೆನ್ನು ಗಟ್ಟಿಯಾಗಿ ಹಿಡಿದು ಕೆಳಗೆ ತಾವೇ ಬರೆದರು: ‘ಒಂದು ದಿನ ಆರೋಪಿಯ ಅಕ್ಕ ಇನ್ನೂ ಸ್ವಲ್ಪ ಹೊತ್ತು ನೀರು ಬಿಡು ಎಂದು ಕೇಳಿದಳು. ಆರೋಪಿಯು ನಿಯಮದಂತೆ ನಡೆದುಕೊಂಡನು.’